ನಿಲ್ಲಿಸಿದ ಮೇಲೂ ಬದಲಾದ ಅಂಕಿ

ಆ ಕೀಬೋರ್ಡನ್ನು ನಾನು ಇವತ್ತಿಗೂ ಬರಿಗೈಯಲ್ಲಿ ಮುಟ್ಟುವುದಿಲ್ಲ.

ಡೇರಿಯ ಕೋಲ್ಡ್ ರೂಮಿನ ಸೆನ್ಸರ್‌ನಿಂದ ತಾಪಮಾನ ಓದುವ, ಲುವಾ ಪ್ರೋಗ್ರಾಮಿಂಗ್ ಭಾಷೆಯ ಪುಟ್ಟ ಸ್ಕ್ರಿಪ್ಟ್ ತಪ್ಪು ಅಂಕಿ ತೋರಿಸುತ್ತಿತ್ತು. ಮಟಮಟ ಮಧ್ಯಾಹ್ನ ತಪ್ಪು ಹುಡುಕುವ ಡೀಬಗರ್ ಹಾಕಿ ಅದನ್ನು ನಡುವೆಯೇ ನಿಲ್ಲಿಸಿದೆ. ನಿಂತ ಪ್ರೋಗ್ರಾಮಿನಲ್ಲಿ ಅಂಕಿ ಅಲುಗಾಡುವಂತಿಲ್ಲ. ತಾಪಮಾನ ಎಷ್ಟೆಂದು ಕಮಾಂಡ್ ಟೈಪಿಸಿ ಕೇಳಿದೆ: ನಾಲ್ಕು ಡಿಗ್ರಿ. ಎಂಟರ್ ಒತ್ತಿ ಅದನ್ನೇ ಮತ್ತೆ ಕೇಳಿದೆ: ಮೂವತ್ತೇಳು. ಮನುಷ್ಯರ ಮೈಬಿಸಿ. ಇನ್ನೊಮ್ಮೆ ಒತ್ತಿದೆ. ಕೀಲಿ ಬೆರಳಿಗೆ ಅಂಟಿತು. ಯಾರೋ ಮುಖಕ್ಕೇ ತೇಗಿದಂತೆ ಒಡೆದ ಹಾಲಿನ ನಾತ ಬಡಿಯಿತು.

"ಥೂ! ಈ ದರಿದ್ರ ಸೆನ್ಸರ್ ಬದಲಾಯಿಸ್ರೀ!" ಎಂದು ಹೊರಗಿದ್ದ ಡೇರಿಯ ಮೆಕ್ಯಾನಿಕ್‌ಗೆ ಕೂಗಿದೆ.

"ಯಾವ ಸೆನ್ಸರ್ ಸಾರ್? ಬೆಳಿಗ್ಗೇನೇ ಕಿತ್ತು ನಿಮ್ಮ ಡ್ರಾಯರ್‌ಗೆ ಹಾಕಿದ್ನಲ್ಲ!"

ಡ್ರಾಯರ್ ಎಳೆದೆ. ವೈರು ಕತ್ತರಿಸಿದ ಸೆನ್ಸರ್ ಅಲ್ಲೇ ಇತ್ತು. ಈಗಷ್ಟೇ ಯಾರದೋ ಬಾಯಿಂದ ತೆಗೆದಿಟ್ಟಂತೆ ಬೆಚ್ಚಗೆ, ಎಂಜಲೆಂಜಲಾಗಿತ್ತು.