ವಕೀಲರು ಕುಡಿಯದ ಚಹಾ

"ಬ್ಯಾಡ್ರಿ... ಈಗರೆ ಕುಡದು ಬಂದೀನಿ."

ಇಷ್ಟು ಹೇಳಿ ವಕೀಲ ಓಂಪ್ರಕಾಶ ಫೈಲಿನಲ್ಲಿ ಮುಖ ಹುದುಗಿಸಿದ. ರೂಪಾಲಿ ಚಾಚಿದ್ದ ಸ್ಟೀಲಿನ ಲೋಟ ಅವಳ ಕೈಯಲ್ಲೇ ಉಳಿಯಿತು.

ಅವನು ಹುಮನಾಬಾದಿನಿಂದ ಎರಡು ಬಸ್ಸು ಬದಲಿಸಿ, ಉರಿಬಿಸಿಲಲ್ಲಿ ನಡೆದು ಬಂದಿದ್ದ. ಈ ಊರಿನ ಬಸ್ ಸ್ಟಾಪಿನಲ್ಲಿ ಚಹಾದ ಅಂಗಡಿಯೇ ಇಲ್ಲ. ಹಾಗಾದರೆ ಈಗಷ್ಟೇ ಕುಡಿದದ್ದು ಎಲ್ಲಿ?

ಅವಳು ಲೋಟವನ್ನು ಒಲೆಯ ಪಕ್ಕಕ್ಕಿಟ್ಟಳು. ಇಂಥ ನೆಪಗಳನ್ನು ಕೇಳಿ ಕೇಳಿ ಸಾಕಾಗಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಳು. ದಲಿತರ ಓಣಿಯವಳು ಒಲೆ ಹಚ್ಚಿದಳೆಂದು ಮರುದಿನದಿಂದಲೇ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಮೂರು ತಿಂಗಳಿಗೆ 'ಅಡುಗೆಯಲ್ಲಿ ಶುಚಿಯಿಲ್ಲ' ಎಂಬ ಕಾಗದ ಬಂತು, ಕೆಲಸ ಹೋಯಿತು.

ಕೋರ್ಟಿಗೆ ಹೋಗೋಣವೆಂದರೆ ಬಸವಕಲ್ಯಾಣದಲ್ಲಿ ಮೂವರು ವಕೀಲರು ಫೈಲು ತಿರುವಿ ಹಾಕಿ ವಾಪಸು ಕೊಟ್ಟಿದ್ದರು. ಒಪ್ಪಿಕೊಂಡವನು ಇವನೊಬ್ಬನೇ.

ಅವನು ಹೋದ ಮೇಲೆ ಚಹಾ ಬಚ್ಚಲಿಗೆ ಹೋಯಿತು. ಕೇಸು ನಡೆಸಿದರೆ ಸಾಕು, ಚಹಾ ಕುಡಿಯದಿದ್ದರೆ ಏನಾಯಿತು ಎಂದು ರೂಪಾಲಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೋರ್ಟೆಂದರೆ ಗೊತ್ತೇ ಇದೆಯಲ್ಲ! ಒಮ್ಮೆ ಜಡ್ಜ್ ಸಾಹೇಬರು ರಜೆ, ಒಮ್ಮೆ ಎದುರಿನ ವಕೀಲರಿಗೆ ಜ್ವರ, ಇನ್ನೊಮ್ಮೆ ಸಾಕ್ಷಿಯ ಪತ್ತೆಯೇ ಇಲ್ಲ. ತಾರೀಖಿನ ಮೇಲೆ ತಾರೀಖು ಬಿದ್ದು ಎರಡು ವರ್ಷ ಕಳೆದವು. ಬಸವಕಲ್ಯಾಣದ ಕೋರ್ಟಿನ ಬೆಂಚಿನ ಮೇಲೆ ಕೂತು ಕೂತು ಅವಳ ಬೆನ್ನು ಹಿಡಿದುಹೋಗಿತ್ತು.

ಆ ಬೆಂಚಿನ ಮೇಲೇ ಆಗಬಾರದ್ದು ಆಗಿಹೋಯಿತು.

ಓಂಪ್ರಕಾಶ ಅವಳ ಪಕ್ಕದಲ್ಲೇ ಕೂರುತ್ತಿದ್ದ. ಒಂದು ಪೇರಲಹಣ್ಣು ಕೊಂಡು ಅರ್ಧ ಅವಳಿಗೆ ಕೊಡುತ್ತಿದ್ದ. ಅವಳು ತೂಕಡಿಸಿದರೆ ಹೆಸರು ಕೂಗುವವರೆಗೆ ಎಬ್ಬಿಸುತ್ತಿರಲಿಲ್ಲ. ಗಂಡ ಹೋದ ಮೇಲೆ ತನ್ನ ನಿದ್ದೆಯನ್ನು ಯಾರಾದರೂ ಕಾದದ್ದು ಇದೇ ಮೊದಲು ಎಂದು ಒಂದು ದಿನ ಅವಳಿಗೆ ಹೊಳೆಯಿತು. ಅಂದಿನಿಂದ ಅವಳು ಅವನನ್ನು ನೆಟ್ಟಗೆ ನೋಡಲಾರದೆ ಹೋದಳು.

ಆದರೆ ಕಾಗದಗಳಿಗೆ ಸಹಿ ಹಾಕಿಸಲು ಮನೆಗೆ ಬಂದಾಗೆಲ್ಲ ಅದೇ ಮಾತು... "ಬ್ಯಾಡ್ರಿ."

*ಕೊಡೋದು ಬರ್ತದ ಇವರಿಗೆ. ನಮ್ಮ ಕೈಯಿಂದ ತಗೊಳ್ಳೋದು ಮಾತ್ರ ಬರಂಗಿಲ್ಲ.*

ಕೊನೆಗೊಂದು ದಿನ ದೂರು ಬರೆದಿದ್ದ ಊರ ಹಿರಿಯ ಮಹಾರುದ್ರಪ್ಪ ಕಟಕಟೆಗೆ ಬಂದರು. ಅಡುಗೆ ಹೊಲಸಾಗಿರುತ್ತಿತ್ತು ಎಂದು ಗಟ್ಟಿಯಾಗಿಯೇ ಹೇಳಿದರು.

ಓಂಪ್ರಕಾಶ ಒಂದೇ ಪ್ರಶ್ನೆ ಕೇಳಿದ. "ಆಕಿ ಕೈಯಾಗಿನ ಒಂದ್ ತುತ್ತರೆ ನೀವು ತಿಂದು ನೋಡೀರೇನ್ರಿ?"

ಮಹಾರುದ್ರಪ್ಪ ತಡವರಿಸಿದರು. ಇಲ್ಲ ಎಂದರು. ನ್ಯಾಯಾಧೀಶರು ಅದನ್ನು ಬರೆದುಕೊಂಡರು.

ಕೇಸು ಗೆದ್ದ ಹಾಗೆಯೇ ಎಂದು ಎಲ್ಲರೂ ಅಂದರು. ಹಿಂದಿನ ಸಾಲಿನಲ್ಲಿದ್ದ ರೂಪಾಲಿ ಮಾತ್ರ ಎಲ್ಲರಿಗಿಂತ ಮೊದಲು ಎದ್ದಳು. ಹೊರಗೆ ಬೇವಿನ ಮರದ ಕೆಳಗೆ ಅವಳು ಅವನನ್ನು ತಡೆದಳು.

"ವಕೀಲ್ ಸಾಬ್, ಒಳಗ ಕೇಳಿದ್ರಲ್ಲ... ಅದನ್ನ ನಾ ನಿಮಗ ಕೇಳ್ತೀನಿ. ನೀವು ತಿಂದೀರೇನು?"

ಓಂಪ್ರಕಾಶನ ಮುಖ ಸಪ್ಪಗಾಯಿತು. ಬಡ ಕಕ್ಷಿದಾರರ ಮನೆಯಲ್ಲಿ ನೀರೂ ಮುಟ್ಟಬಾರದೆಂದು ತನ್ನ ಸೀನಿಯರ್ ಕಲಿಸಿದ್ದರು ಎಂದು ಶುರುಮಾಡಿದ. ಅರ್ಧಕ್ಕೇ ನಿಲ್ಲಿಸಿದ.

"ಸುಳ್ಳ್ಯಾಕ ಹೇಳ್ಲಿ? ಮೊದಲನೇ ದಿನ ಕೈ ಮುಂದ ಬರಲಿಲ್ರಿ. ನಮ್ಮ ಮನ್ಯಾಗ ಹಂಗ ಬೆಳದೀನಿ. ಎಷ್ಟು ಕಾಯ್ದೆ ಓದಿದ್ರೂ ಕೈಗೆ ಅದು ಗೊತ್ತಾಗಿರಲಿಲ್ಲ. ಆಮ್ಯಾಲ ಬರೇ ನಾಚಿಕಿ. ಇವತ್ತು ಕುಡದ್ರ, ಅವತ್ತು ಯಾಕ ಕುಡೀಲಿಲ್ಲ ಅಂತ ನಿಮಗ ತಿಳೀತದಲ್ಲ ಅಂತ..."

"ಅವತ್ತೇ ತಿಳದದ್ರಿ," ಅಂದಳು ರೂಪಾಲಿ. "ಫೈಲು ವಾಪಸ ಕೇಳಂಗಿಲ್ಲ. ಆದ್ರ ನಾ ಭಾಳ ದಣದೀನಿ."

ಅವಳು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಗೆ ತಲೆಯಾನಿಸಿ ಅತ್ತಳು. ಸಿಟ್ಟು ಬರಬೇಕಿತ್ತು. ಅದರ ಬದಲು, ಅವನು ನಿಜ ಹೇಳಿದನಲ್ಲ ಎಂದು ಮನಸ್ಸು ಎಲ್ಲೋ ಹಗುರಾಯಿತು. ಅದಕ್ಕೂ ಅಳು ಬಂತು.

ತಿಂಗಳಾದ ಮೇಲೆ ತೀರ್ಪು ಬಂತು. ಅವಳನ್ನು ಮತ್ತೆ ಅದೇ ಶಾಲೆಯ ಅಡುಗೆಗೆ ತೆಗೆದುಕೊಳ್ಳಬೇಕು. ಸುದ್ದಿ ಕೇಳಿ ರೂಪಾಲಿ ಕುಣಿಯಲಿಲ್ಲ, ಗೋಡೆಗೊರಗಿ ಕೂತು ಕಾಲು ಚಾಚಿದಳು.

ಮೊದಲ ದಿನ ಅನ್ನ, ಸಾಂಬಾರು ಮಾಡಿದಳು. ಊಟದ ಗಂಟೆ ಹೊಡೆಯಿತು. ಅರ್ಧದಷ್ಟು ಮಕ್ಕಳು ತಟ್ಟೆ ಹಿಡಿದು ಸಾಲಿಗೆ ಕೂತರು, ಉಳಿದವರು ಇವತ್ತೂ ಡಬ್ಬಿ ತಂದಿದ್ದರು. ಕೋರ್ಟಿನ ಕಾಗದ ಆ ಡಬ್ಬಿಗಳ ತನಕ ಮುಟ್ಟಿರಲಿಲ್ಲ. ಅವಳು ಬಡಿಸುತ್ತಾ ಹೋದಳು.

ಸಾಲಿನ ಕೊನೆಯಲ್ಲಿ ಓಂಪ್ರಕಾಶ ಚಕ್ಕಳಮಕ್ಕಳ ಹಾಕಿ ಕೂತಿದ್ದ! ಹೆಡ್‌ಮಾಸ್ತರರನ್ನು ಕೇಳಿ, ಕೈ ತೊಳೆದು, ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದ.

ರೂಪಾಲಿ ಅವನ ಮುಂದೆ ಬಂದಳು. ಮಕ್ಕಳಿಗೆ ಬಡಿಸಿದಷ್ಟೇ ಅವನಿಗೂ ಬಡಿಸಿದಳು. ಅವನು ಕಲಸಿ ಉಂಡ. ಇನ್ನೊಮ್ಮೆ ತಟ್ಟೆ ಚಾಚಿದ.

"ಮನ್ಯಾಗ ಏನಂದ್ರಿ?" ಅವಳು ಮೆಲ್ಲಗೆ ಕೇಳಿದಳು.

"ನಿಮ್ಮ ಕೈಯಾಗ ಉಣ್ಣಾಕ ಹೋಗ್ತೀನಿ ಅಂದೆ. ಅವ್ವ ಎರಡು ದಿನ ಆತು, ಮಾತಾಡಿಲ್ಲ." ಅವನು ತಟ್ಟೆ ನೋಡುತ್ತಲೇ ಹೇಳಿದ. "ರೂಪಾಲಿ, ನನಗ ನಿಮ್ಮ ಮ್ಯಾಲ ಮನಸ್ಸದ. ನೀವು ಒಲ್ಲೆ ಅಂದ್ರೂ ನಾ ಉಂಡಿದ್ದು ಉಂಡಿದ್ದೇ."

ಅವಳು ಅನ್ನದ ಬೋಗುಣಿಯನ್ನು ನೆಲಕ್ಕಿಟ್ಟಳು. ಅವನೆದುರು ಕುಕ್ಕರಿಸಿದಳು.

"ಮೊದಲನೇ ದಿನದ ಚಾ..." ಅಂದ ಅವನು.

"ಅವತ್ತೇ ಚೆಲ್ಲೀನ್ರಿ."

"ಹೊಸದು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಲ್ಲಿ ಭಾಂಡಿ ತೊಳದು ಮನಿಗೆ ಹೋಗಿ ಕಾಸ್ಬೇಕು. ತಡಾ ಆಗ್ತದ."

"ಕಾಯ್ತೀನಿ," ಎಂದ ಓಂಪ್ರಕಾಶ, ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ನಲ್ಲಿಯತ್ತ ನಡೆಯುತ್ತಾ. "ಭಾಂಡಿ ಅರ್ಧ ನನಗ ಕೊಡ್ರಿ."