ಒಗ್ಗರಣೆ ಹಾಕದ ವಟಾಣಿ ಸೂಪು

ವಟಾಣಿ ಕಾಯಿ ಟಪ್ಪೆಂದು ಸಿಡಿಯಿತು. ಒಂದು ಕಾಳು ಹಾರಿ ಹೋಗಿ ಅಜ್ಜಿ ಖಾತುನಬಿಯ ಕನ್ನಡಕಕ್ಕೆ ಬಡಿಯಿತು.

"ಕಾಯಿ ಸುಲಿಯಾಕತ್ತಿಯೋ, ಅದರ ಕುತ್ತಿಗಿ ಹಿಚಕಾಕತ್ತಿಯೋ?" ಎಂದಳು ಖಾತುನಬಿ.

"ನಾ ಸುಲಿಯಂಗಿಲ್ಲ!" ನಿಷತ ಬುಟ್ಟಿಯನ್ನು ದೂಡಿದಳು. "ನೀನ ಮಾಡಿಕೊಡು ಆಯಿ. ನನಗ ಚಾ ಕಾಸಾಕೂ ಬರಂಗಿಲ್ಲ."

"ಇವತ್ತ ಕಲಿ."

"ನನ್ನ ತಪ್ಪಿಲ್ಲ ಅಂತ ಎಷ್ಟು ಸಲ ಹೇಳ್ಲಿ? ಬ್ಯಾಟು ಜಾರಿತು!"

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ನಾ ಏನರ ಕೇಳಿದ್ನೇನು?" ಎಂದಳು.

ನಿಷತಳಿಗೆ ಸಿಟ್ಟು ಬರುತ್ತಿದ್ದುದು ಅದಕ್ಕೇ. ಯಾರೂ ಏನೂ ಕೇಳುತ್ತಿರಲಿಲ್ಲ.

ಹತ್ತು ದಿನದ ಹಿಂದೆ ಇಂಡಿ ಊರಿನ ಅವಳ ಶಾಲೆಯ ಮೈದಾನದಲ್ಲಿ ಹುಡುಗಿಯರ ಕ್ರಿಕೆಟ್ ನಡೆದಿತ್ತು. ನಿಷತ ಬ್ಯಾಟು ಹಿಡಿದಿದ್ದಳು. ವಿಕೆಟ್ ಹಿಂದೆ ವಿಜಯಲಕ್ಷ್ಮಿ ನಿಂತಿದ್ದಳು. ಇಬ್ಬರದೂ ಒಂದೇ ಓಣಿ, ಐದನೆಯ ತರಗತಿಯಲ್ಲಿ ಒಂದೇ ಬೆಂಚು. ನಿಷತ ಮುಂದೆ ನುಗ್ಗಿ ಬೀಸಿದಳು. ಚೆಂಡು ಸಿಗಲಿಲ್ಲ. ವಿಜಿ ಅದನ್ನು ಹಿಡಿದು ಸ್ಟಂಪು ಬೀಳಿಸಿ, "ಔಟ್! ನಿಷತ ಔಟ್! ಮನೀಗೆ ಹೋಗಿ ರೊಟ್ಟಿ ಬಡಿ!" ಎಂದು ಕುಣಿದಳು.

ಬ್ಯಾಟು ಹಾರಿ ಬಂದು ವಿಜಿಯ ಗದ್ದಕ್ಕೆ ಬಡಿಯಿತು.

ದವಡೆ ಮುರಿದಿತ್ತು. ವಿಜಯಪುರದ ಡಾಕ್ಟರು ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿದರು. ನಾಲ್ಕು ವಾರ ಬಾಯಿ ತೆರೆಯುವಂತಿಲ್ಲ. ಏನಿದ್ದರೂ ತುಟಿಯ ನಡುವೆ ಸ್ಟ್ರಾ ಇಟ್ಟು ಹೀರಬೇಕು.

"ಕೈಯಾಗಿಂದ ಜಾರಿತ್ರಿ" ಎಂದು ನಿಷತ ಹೆಡ್‌ಮಾಸ್ತರರಿಗೆ ಹೇಳಿದಳು. ಅಬ್ಬಾನಿಗೂ ಹಾಗೆಯೇ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ವಿಜಿಯ ಅಜ್ಜಿ ಸಿದ್ದಲಿಂಗವ್ವ ಕೂಡ, "ಹುಡುಗರು, ಆಗತೈತಿ" ಎಂದು ಸುಮ್ಮನಾದಳು. ಅವಳು ಬೈದಿದ್ದರೆ ನಿಷತ ತಿರುಗಿ ಏನಾದರೂ ಅನ್ನಬಹುದಿತ್ತು.

ಶಾಲೆಯಲ್ಲಿ ಅವಳ ತರಗತಿಯ ಮಂಜೂರನೊಬ್ಬನೇ ಬಾಯಿ ಬಿಡುತ್ತಿದ್ದ. "ಏ, ನಿಷತ ಸ್ಕೇಲ್ ತಗೊಂಡಾಳ! ಎಲ್ಲಾರೂ ಹೆಲ್ಮೆಟ್ ಹಾಕ್ಕೋರಿ!" ನಿಷತ ಅವನ ಬೆನ್ನಿಗೆ ಗುದ್ದಿ, ಒಂದು ಪೀರಿಯಡ್ ಪೂರ್ತಿ ಕ್ಲಾಸಿನ ಹೊರಗೆ ನಿಂತಿದ್ದಳು.

ಈಗ ಭಾನುವಾರ ಬೆಳಿಗ್ಗೆ ಈ ವಟಾಣಿ ಬೇರೆ. ವಿಜಿಗೆ ಹಸಿ ವಟಾಣಿ ಸೂಪು ಕೊಡಬಹುದು ಎಂದು ಡಾಕ್ಟರು ಹೇಳಿದ್ದಾರೆಂಬ ಸುದ್ದಿ ಖಾತುನಬಿಯ ಕಿವಿಗೆ ಬಿದ್ದಿತ್ತು. ಅಗರಖೇಡ ಹಳ್ಳಿಯಿಂದ ಒಂದು ಚೀಲ ಕಾಯಿ ತರಿಸಿ ಮೊಮ್ಮಗಳ ಮುಂದೆ ಸುರಿದಿದ್ದಳು.

ನಿಷತ ಸುಲಿದಳು. ಅರ್ಧ ಬುಟ್ಟಿ ಕಾಯಿ ಸುಲಿದರೂ ಕಾಳು ಎರಡೇ ಲೋಟ ಬಂದವು. ಅಜ್ಜಿ ಹೇಳಿದಂತೆ ಅವನ್ನು ಶುಂಠಿ ಹಾಕಿ ಬೇಯಿಸಿದಳು. ಬಿಸಿ ಆರುವ ತನಕ ಕಾಯದೆ ಮಿಕ್ಸಿಗೆ ಹಾಕಿದ್ದರಿಂದ ಮುಚ್ಚಳ ಎಗರಿ ಗೋಡೆಯೆಲ್ಲ ಹಸಿರಾಯಿತು.

"ಗ್ವಾಡಿಗೆ ಆಯ್ತು. ಇನ್ನ ವಿಜಿಗೆ ಮಾಡು" ಎಂದಳು ಅಜ್ಜಿ.

ನಿಷತ ನಗಲಿಲ್ಲ. ಗೋಡೆ ಒರೆಸಿದಳು. ಉಳಿದುದಕ್ಕೆ ನೀರು ಬೆರೆಸಿ ಮತ್ತೆ ಕುದಿಸಿದಳು.

"ಒಗ್ಗರಣಿ ಹಾಕು" ಎಂದಳು ಅಜ್ಜಿ.

"ಸೂಪಿಗೆ ಒಗ್ಗರಣಿ ಯಾಕ?"

"ಬೋಳು ಸಾರು ಮಂದಿ ಮನೀಗೆ ಕಳಸಿದರ ಏನಂತಾರ? ಖಾತುನಬಿ ಎಣ್ಣಿ ಉಳಿಸಿದಳು ಅಂತಾರ. ಹಾಕು."

ಎಣ್ಣೆ, ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಕರಿಬೇವು. ಮನೆಯೆಲ್ಲ ಘಮಘಮ ಎಂದಿತು. ಖಾತುನಬಿ ಮೇಲಿನ ಹಲಗೆಯಿಂದ ಹಿತ್ತಾಳೆಯ ಡಬರಿ ಇಳಿಸಿದಳು. ಅದು ಸಿದ್ದಲಿಂಗವ್ವನ ಮನೆಗೆಂದೇ ಇಟ್ಟ ಪಾತ್ರೆ. ನಲವತ್ತು ವರ್ಷದಲ್ಲಿ ಅದರೊಳಗೆ ಒಮ್ಮೆಯೂ ಮಾಂಸ ಬಿದ್ದಿರಲಿಲ್ಲ. ಹಬ್ಬದ ಸುರಕುಂಬಾ ಪಾಯಸ ಆ ಮನೆಗೆ ಅದರಲ್ಲಿಯೇ ಹೋಗುತ್ತಿತ್ತು, ಹೋಳಿಗೆ ಅದರಲ್ಲಿಯೇ ಬರುತ್ತಿತ್ತು.

ನಿಷತ ಡಬರಿಯನ್ನು ವಿಜಿಯ ಮನೆಯ ಕಟ್ಟೆಯ ಮೇಲೆ ಇಟ್ಟು, "ಅಜ್ಜೀ, ಸೂಪ್!" ಎಂದು ಕೂಗಿ, ಒಳಗೆ ಹೋಗದೆ ಓಡಿ ಬಂದಳು.

ಮಧ್ಯಾಹ್ನ ಸಿದ್ದಲಿಂಗವ್ವ ಡಬರಿ ಹಿಡಿದುಕೊಂಡು ಬಂದಳು. "ಇವತ್ತ ಆಗಲಿಲ್ಲ ಖಾತುನಬಿ. ಬ್ಯಾಸರ ಮಾಡ್ಕೋಬ್ಯಾಡ" ಎಂದು ಅದನ್ನು ಕೆಳಗಿಟ್ಟಳು. ಕುಳ್ಳಿರು ಎಂದರೂ ಕುಳ್ಳಿರದೆ ಹೋದಳು.

ನಿಷತ ಮುಚ್ಚಳ ತೆಗೆದಳು. ಸೂಪು ಹಾಗೆಯೇ ಇತ್ತು. ಆ ಓಣಿಯಲ್ಲಿ ಕೊಟ್ಟ ಪಾತ್ರೆ ಬರಿದಾಗಿ ತಿರುಗಿ ಬರುತ್ತಿರಲಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದರು. ಕೊಟ್ಟದ್ದು ಕೊಟ್ಟ ಹಾಗೆಯೇ ತಿರುಗಿ ಬಂದದ್ದು ಇದೇ ಮೊದಲು.

"ನೋಡಿದಿಲ್ಲೊ ಆಯಿ? ಮುಟ್ಟಿಲ್ಲ! ನಾ ಮಾಡೇನಿ ಅಂತ ಮುಟ್ಟಿಲ್ಲ!"

"ಒದರಬ್ಯಾಡ. ಏನಾಗೈತೋ..."

"ಬ್ಯಾಡಾಗಿದ್ರ ಮೊದಲ ಅನ್ನಬೇಕಿತ್ತು! ಉಗುರೆಲ್ಲ ನೋಯಾಕತ್ತಾವ ನನಗ!"

ಅಜ್ಜಿ ತಡೆಯುವಷ್ಟರಲ್ಲಿ ನಿಷತ ಡಬರಿ ಎತ್ತಿಕೊಂಡು ಹೊರಬಿದ್ದಳು. ದಾರಿಯಲ್ಲಿ ಸೂಪು ತುಳುಕಿ ಅವಳ ಕಾಲ ಮೇಲೆ ಬಿತ್ತು. ಏನು ಅನ್ನಬೇಕೆಂಬುದನ್ನೆಲ್ಲ ಅವಳು ಬಾಯಲ್ಲಿ ಕಟ್ಟಿಕೊಂಡಿದ್ದಳು. ವಿಜಿಯ ಮನೆಯ ಹೊಸ್ತಿಲು ದಾಟಿ, "ಏ ವಿಜಿ!" ಎಂದು ಕೂಗಿದಳು.

ಕಿಟಕಿಯ ಬೆಳಕಿಗೆ ಮುಖ ಮಾಡಿ ವಿಜಿ ಕುಳಿತಿದ್ದಳು. ಸಿದ್ದಲಿಂಗವ್ವ ಅವಳ ಮುಂದೆ ಕನ್ನಡಿ ಹಿಡಿದಿದ್ದಳು. ವಿಜಿ ಒಂದು ಕೈಯಿಂದ ತುಟಿ ಮೇಲೆತ್ತಿಕೊಂಡು, ಇನ್ನೊಂದು ಕೈಯಲ್ಲಿ ಸಣ್ಣ ಬ್ರಷ್ ಹಿಡಿದು ಹಲ್ಲಿನ ತಂತಿಯ ಸಂದಿಯಿಂದ ಏನನ್ನೋ ಕೀಳುತ್ತಿದ್ದಳು. ವಸಡಿನಿಂದ ರಕ್ತ ಬರುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಬ್ರಷ್ಷಿನ ತುದಿಗೆ ಒಂದು ಸಾಸಿವೆ ಕಾಳು ಬಂತು.

ವಿಜಿ ಅದನ್ನು ಬೆರಳ ಮೇಲೆ ಇಟ್ಟುಕೊಂಡು ನಿಷತಳ ಕಡೆ ಚಾಚಿದಳು. ಹಲ್ಲು ಕಚ್ಚಿದಂತೆಯೇ, "ಸಾಸಿವಿ ಯಾರು ಹಾಕ್ತಾರ ಲೇ, ಹುಚ್ಚೀ!" ಎಂದಳು. "ಇನ್ನ ಎರಡು ಅದಾವ ಒಳಗ. ಸಿಪ್ಪಿ ಬ್ಯಾರೆ! ಹೊಟ್ಟಿ ಹಸದು ಸಾಯಾಕತ್ತೇನಿ, ನೀ ಒಗ್ಗರಣಿ ಹಾಕಿ ಕಳಸ್ತಿ!"

"ಮಾತಾಡಬ್ಯಾಡ, ರಕ್ತ ಬರ್ತೈತಿ" ಎಂದಳು ಸಿದ್ದಲಿಂಗವ್ವ. ಆಮೇಲೆ ನಿಷತಳ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಮೂರು ಕಿಲೋ ಇಳದಾಳವ್ವ. ಬುಧವಾರ ತೂಕ ನೋಡ್ತಾರ. ಇನ್ನೂ ಇಳದರ ಮೂಗಿನ್ಯಾಗ ನಳಿಗಿ ಹಾಕ್ತೀವಿ ಅಂದಾರ."

ವಿಜಿಯ ಕೈ ನಿಷತ ಅಲ್ಲಿಯವರೆಗೆ ಗಮನಿಸಿರಲಿಲ್ಲ. ಬಳೆ ಮೊಣಕೈಯವರೆಗೆ ಜಾರಿತ್ತು.

ನಿಷತ ಡಬರಿ ಹಿಡಿದುಕೊಂಡೇ ಮನೆಗೆ ಬಂದಳು. ಬಂದವಳು ಅಜ್ಜಿಯ ಮೇಲೆ ಹರಿಹಾಯ್ದಳು.

"ಒಗ್ಗರಣಿ ಹಾಕು ಅಂದಾಕಿ ನೀನ! ಸಾಸಿವಿ ಆಕಿ ತಂತ್ಯಾಗ ಸಿಕ್ಕೊಂಡೈತಿ! ರಕ್ತ ಬರಾಕತ್ತೈತಿ ಆಯಿ, ರಕ್ತ!"

ಖಾತುನಬಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯಾ ಅಲ್ಲಾ, ನನಗ ಹೊಳೀಲಿಲ್ಲ" ಎಂದಳು.

ನಿಷತ ಒಂದು ಸ್ಟ್ರಾ ತಂದಳು. ಮೇಲಿನ ಹಲ್ಲು, ಕೆಳಗಿನ ಹಲ್ಲು ಗಟ್ಟಿಯಾಗಿ ಸೇರಿಸಿ, ಆ ಸೂಪನ್ನು ಹೀರಿದಳು. ಸಿಪ್ಪೆಯ ಚೂರು ಸ್ಟ್ರಾದಲ್ಲಿ ಸಿಕ್ಕಿತು. ಇನ್ನೂ ಜೋರಾಗಿ ಹೀರಿದಳು. ಸಿಪ್ಪೆ ಬಂದು ಹಲ್ಲಿಗೆ ಅಂಟಿತು. ಕರಿಬೇವು ತುಟಿಯ ಒಳಗೆ ಮಡಿಚಿಕೊಂಡಿತು. ನಾಲಿಗೆಯಿಂದ ತೆಗೆಯಲು ಬರಲಿಲ್ಲ, ನಾಲಿಗೆ ಹಲ್ಲಿನ ಹಿಂದೆ ಇತ್ತು. ಕೆಮ್ಮು ಬಂದಂತಾಯಿತು. ಬಾಯಿ ತೆರೆದು ಕೆಮ್ಮಿದಳು.

ವಿಜಿಗೆ ಕೆಮ್ಮು ಬಂದರೆ ಏನು ಮಾಡುತ್ತಾಳೆ? ನಿಷತ ಸ್ಟ್ರಾ ಕೆಳಗಿಟ್ಟಳು.

ಬುಟ್ಟಿಯಲ್ಲಿ ಇನ್ನೂ ಅರ್ಧದಷ್ಟು ಕಾಯಿ ಉಳಿದಿದ್ದವು. ಅವಳು ಗೋಡೆಗೆ ಒರಗಿ ಕುಳಿತು ಸುಲಿಯತೊಡಗಿದಳು. ಸಿಟ್ಟು ಇಳಿದಿರಲಿಲ್ಲ. ಆದರೆ ಈಗ ಕಾಳು ಒಂದೂ ಹಾರಲಿಲ್ಲ. ಬೆಂದ ಮೇಲೆ ತಣ್ಣಗಾಗಲು ಬಿಟ್ಟಳು. ನುಣ್ಣಗೆ ರುಬ್ಬಿದಳು. ಚಹಾ ಸೋಸುವ ಜರಡಿಯಲ್ಲಿ ಸೋಸಿ ಹೀರಿ ನೋಡಿದಳು. ಇನ್ನೂ ತರಿ ಇತ್ತು.

ಖಾತುನಬಿ ಎದ್ದು ಟ್ರಂಕಿನ ಬೀಗ ತೆಗೆದಳು. ಒಂದು ಬಿಳಿಯ ಪಟಗ ಹೊರತೆಗೆದಳು. ಅದು ನಿಷತಳ ಅಜ್ಜ ದಸ್ತಗೀರಸಾಬರು ತಲೆಗೆ ಸುತ್ತುತ್ತಿದ್ದ ತೆಳ್ಳನೆಯ ಬಟ್ಟೆ. ಅವರು ತೀರಿಕೊಂಡು ಐದು ತಿಂಗಳಾಗಿತ್ತು.

"ಆಯಿ, ಅದು ಬ್ಯಾಡ."

"ಇದಕ್ಕಿಂತ ನಯ ಅರಿವಿ ಈ ಮನ್ಯಾಗ ಇಲ್ಲ" ಎಂದಳು ಅಜ್ಜಿ. ಬಿಸ್ಮಿಲ್ಲಾ ಎಂದು ಕತ್ತರಿ ಹಾಕಿದಳು. ಕತ್ತರಿಸಿದ ತುಂಡನ್ನು ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿ, ಮೊಮ್ಮಗಳ ಕೈಗೆ ಕೊಟ್ಟಳು. ಉಳಿದುದನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು.

ಇಬ್ಬರೂ ಸೇರಿ ಸೋಸಿದರು. ಸಿಪ್ಪೆಯೆಲ್ಲ ಬಟ್ಟೆಯಲ್ಲಿ ನಿಂತು, ಕೆಳಗೆ ನುಣುಪಾದ ಹಸಿರು ಸೂಪು ಇಳಿಯಿತು. ಉಪ್ಪು, ಒಂದು ಚಮಚ ತುಪ್ಪ, ಇಷ್ಟೇ. ನಿಷತ ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ಹೀರಿದಳು. ಏನೂ ಸಿಕ್ಕಲಿಲ್ಲ.

ಸಂಜೆ ಐದಕ್ಕೆ ಅವಳು ಡಬರಿಯನ್ನು ಕಟ್ಟೆಯ ಮೇಲೆ ಇಡಲಿಲ್ಲ. ಒಳಗೆ ಹೋದಳು. ಸಿದ್ದಲಿಂಗವ್ವ ಲೋಟ ತಂದಳು. ನಿಷತ ಸೂಪು ಬಗ್ಗಿಸಿ, ಸ್ಟ್ರಾ ಹಾಕಿ, ವಿಜಿಯ ಮುಂದೆ ಹಿಡಿದಳು.

ವಿಜಿ ಲೋಟದೊಳಗೆ ಹಣಿಕಿ ನೋಡಿದಳು. "ಸಾಸಿವಿ?"

"ಇಲ್ಲ."

"ಕರಿಬೇವು?"

"ಇಲ್ಲ ಅಂದ್ನೆಲ್ಲ. ಕುಡಿ."

ವಿಜಿ ಹೆದರಿ ಹೆದರಿ ಒಂದು ಗುಟುಕು ಹೀರಿದಳು. ಸ್ವಲ್ಪ ತಡೆದಳು. ಇನ್ನೊಂದು ಗುಟುಕು. ಆಮೇಲೆ ನಿಲ್ಲಿಸಲಿಲ್ಲ. ಸಿದ್ದಲಿಂಗವ್ವ ಮೊಮ್ಮಗಳ ಗಂಟಲು ಏರಿ ಇಳಿಯುವುದನ್ನು ನೋಡುತ್ತ ನಿಂತಿದ್ದು, ಕಣ್ಣೊರೆಸಿಕೊಂಡು ದೇವರ ಮುಂದೆ ದೀಪ ಹಚ್ಚಲು ಒಳಗೆ ಹೋದಳು.

ವಿಜಿ ಸ್ಟ್ರಾ ಬಿಟ್ಟಳು. "ಎಲ್ಲಾರೂ ಜಾರಿತು ಜಾರಿತು ಅಂತಾರ ನನ್ನ ಮುಂದ" ಎಂದಳು. "ನಾ ಅವಾಗ ನಿನ್ನ ಮಾರಿ ನೋಡಾಕತ್ತಿದ್ದೆ."

ಹತ್ತು ದಿನದಿಂದ ಹೇಳುತ್ತ ಬಂದ ಮಾತು ತಾನಾಗಿಯೇ ನಿಷತಳ ನಾಲಿಗೆಗೆ ಬಂತು. ಅವಳು ಅದನ್ನು ನುಂಗಿದಳು.

"ಜಾರಲಿಲ್ಲ" ಎಂದಳು. "ಬ್ಯಾಟು ನಾನ ಒಗದೆ."

ಹೊರಗೆ ಸಿಂದಗಿಯ ಬಸ್ಸು ಹಾರ್ನ್ ಹಾಕುತ್ತ ಹೋಯಿತು.

"ನನಗ ಇನ್ನೂ ಸಿಟ್ಟೈತಿ" ಎಂದಳು ವಿಜಿ.

"ಇರಲಿ" ಎಂದಳು ನಿಷತ.

ವಿಜಿ ಮತ್ತೆ ಸ್ಟ್ರಾ ತುಟಿಗೆ ಸಿಗಿಸಿಕೊಂಡಳು. ಲೋಟದ ತಳದಲ್ಲಿ ಸ್ವಲ್ಪ ಉಳಿದಿತ್ತು. ಸ್ಟ್ರಾ ಅದಕ್ಕೆ ಮುಟ್ಟದೆ ಗೊರಗೊರ ಎಂದಿತು. ನಿಷತ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವಳಿಗೆ ಸಿಗುವಂತೆ ಮೆಲ್ಲಗೆ ಓರೆ ಮಾಡಿದಳು.