ನಡುಗೆರೆ ದಾಟಿದ ಮೇಲೆ

ಕನ್ಯೆ ನೋಡಲು ಮುಧೋಳದಿಂದ ಜಮಖಂಡಿಗೆ ಬಂದಿದ್ದ ಅಜಿತ ಎರಡನೇ ಸಲ ಅವಲಕ್ಕಿ ಹಾಕಿಸಿಕೊಂಡ. ಇಂಥವನ ಎದುರು ರೇಷ್ಮೆ ಸೀರೆ ಉಟ್ಟು ಕೂರಬೇಕಾಯಿತಲ್ಲ ಎಂದು ಪೂರ್ವಾಳಿಗೆ ಮೈ ಉರಿಯಿತು. ಬ್ಯಾಂಕಿನಲ್ಲಿ ಮ್ಯಾನೇಜರ್ ಅಂತೆ. ಕುರ್ಚಿಗೆ ಬೆಲೆಯಿತ್ತು, ಕೂತವನಿಗೆ ಇನ್ನೂ ಬಂದಿರಲಿಲ್ಲ.

"ರಿಸರ್ಚ್ ಯಾತರ ಮ್ಯಾಲ ಮಾಡ್ಲಿಕತ್ತೀರಿ?" ಎಂದ.

"ಭ್ರೂಣದ ಮಿದುಳಿನಾಗ ನರದ ಎಳಿ ಹೆಂಗ ದಾರಿ ಹಿಡಿತಾವ ಅನ್ನೂದರ ಮ್ಯಾಲರಿ. ಎಳಿ ತುದಿಗೆ ರಿಸೆಪ್ಟರ್, ಅಂದ್ರ ಸುಳಿವು ಹಿಡಿಯೂ ಪ್ರೋಟೀನ್ ಇರ್ತಾವ. ಮೊದಲ ಎಳೀನ ಮಿದುಳಿನ ನಡುಗೆರಿ ತನ್ನ ಕಡೆ ಎಳಿತದ. ದಾಟಿದ ಮ್ಯಾಲ ತುದಿಗೆ ರೋಬೋ ಅನ್ನೂ ರಿಸೆಪ್ಟರ್ ಹೆಚ್ಚಾಗ್ತದ. ಆಮ್ಯಾಲ ಅದ ಗೆರಿ ಎಳೀನ ದೂರ ದೂಡ್ತದ. ಎಳಿ ಮತ್ತ ಹೊಳ್ಳಿ ಬರೂದಿಲ್ಲ."

"ಅಂದ್ರ ಗೂಗಲ್ ಮ್ಯಾಪ್," ಎಂದು ಅಜಿತ ತನ್ನ ಜೋಕಿಗೆ ತಾನೇ ನಕ್ಕ. "ಲಗ್ನ ಆದಮ್ಯಾಲ ಇದೆಲ್ಲಾ ಯಾಕ ಬೇಕು ಬಿಡ್ರಿ. ಮನ್ಯಾಗ ಟ್ಯೂಷನ್ ಹೇಳ್ರಿ."

ಪೂರ್ವಾಳ ಅಪ್ಪ ಕೃಷ್ಣಾಜಿಯೂ ನಕ್ಕರು. ಅವಳಿಗೆ ಹೆಚ್ಚು ನೋವಾದದ್ದು ಆ ನಗುವಿನಿಂದ.

ಅಜಿತನ ತಾಯಿ ರಾಧಾಬಾಯಿ ದನಿ ತಗ್ಗಿಸಿದರು. "ಇದಕ್ಕ ತತ್ತಿ-ಗಿತ್ತಿ ಮುಟ್ಟಬೇಕಾಗ್ತದೇನವಾ?"

"ಛೇ, ಎಲ್ಲಾ ಕಂಪ್ಯೂಟರಿನಾಗರಿ," ಎಂದರು ಅಪ್ಪ. ಮಗಳು ಕೋಳಿ ತತ್ತಿಯ ಚಿಪ್ಪಿನಲ್ಲಿ ಕಿಟಕಿ ಕೊರೆದು ಭ್ರೂಣ ನೋಡುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಡಿಯ ಮನೆಯಲ್ಲಿ ತತ್ತಿಗಷ್ಟೇ ಮೈಲಿಗೆ, ಸುಳ್ಳಿಗಿಲ್ಲ.

"ದಿನಾ ಮುಟ್ತೇನ್ರಿ," ಎಂದಳು ಪೂರ್ವಾ. ರಾಧಾಬಾಯಿ ಅವಲಕ್ಕಿ ತಟ್ಟೆ ಕೆಳಗಿಟ್ಟರು. ಪೂರ್ವಾ ಚಪ್ಪಲಿ ಮೆಟ್ಟಿ ಹೊರಟಳು.

ಕಾಲೇಜಿನ ಲ್ಯಾಬಿನಲ್ಲಿ ಸಿದ್ಧಾರ್ಥ ಒಬ್ಬನೇ ಇದ್ದ. ಅವಳ ಜೊತೆಗೇ ಸಂಶೋಧನೆ ಮಾಡುವವನು, ತತ್ತಿ ತರುವವನೂ ಅವನೇ. ಪೂರ್ವಾ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಮಾತ್ರ ಅವನು ಅವಳನ್ನು ಕಣ್ತುಂಬ ನೋಡುತ್ತಿದ್ದ. ಅದು ಗೊತ್ತಿದ್ದೇ ಅವಳು ಬೇಕಂತಲೇ ತಡಮಾಡಿ ತಲೆ ಎತ್ತುತ್ತಿದ್ದಳು. ಹೋದ ವಾರ ಅವನು ಮದುವೆಯ ಮಾತನ್ನು ಬಾಯಿಬಿಟ್ಟು ಕೇಳಿದ್ದ. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಅವಳು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಲಗ್ನ ಆಗೂಣು," ಎಂದಳು.

ಸಿದ್ಧಾರ್ಥ ನಗಲಿಲ್ಲ. "ದೂಡಿದ್ರ ಎಳಿ ದೂರ ಹೋಗತೈತಿ, ಅಷ್ಟ. ಎಲ್ಲಿಗಿ ಹೋಗಬೇಕು ಅನ್ನಾಕ ಇನ್ನೊಂದ ಕಡಿಂದ ಕರಿಬೇಕು. ನೀವು ಅವರ ಮ್ಯಾಲಿನ ಸಿಟ್ಟಿಗೆ ಬಂದೀರಿ. ಸಿಟ್ಟು ಇಳದ ಮ್ಯಾಲ ನಾ ಏನು ಮಾಡ್ಲಿ?"

ಊರನ್ನೆಲ್ಲ ಜರಿದು ಬಂದವಳಿಗೆ ಇವನೊಬ್ಬ ಕೆನ್ನೆಗೆ ಹೊಡೆದಂತೆ ಮಾತಾಡಿದ್ದ. ಮಾತು ಖರೆ ಇತ್ತು, ಅದಕ್ಕೇ ಅವಳಿಗೆ ಅಳು ಬಂತು.

"ಬರೇ ಸಿಟ್ಟಾಗಿದ್ರ ಮಹಾಲಿಂಗಪುರದಾಗ ನಮ್ಮ ಕಾಕು ಇದ್ದಾಳ. ಬಸ್ಸೂ ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಬಿಸಲಾಗ ಇಲ್ಲಿತನಕ ನಡಕೋತ ಬಂದೇನಿ, ನೀ ಇಲ್ಲಿರ್ತಿ ಅಂತ."

ಅವಳು ಅವನಿಗೆ 'ನೀ' ಎಂದದ್ದು ಅದೇ ಮೊದಲು. ಅಷ್ಟರಲ್ಲಿ ಫೋನ್ ಬಡಿಯಿತು. ಅಪ್ಪ.

"ಎಲ್ಲಿದ್ದಿ? ಬಂದು ಅವರ ಕಾಲಿಗೆ ಬೀಳು. ಇನ್ನೂ ಕೂತಾರ."

"ಸಿದ್ಧಾರ್ಥನ ಕಡೆ ಇದ್ದೇನಪ್ಪಾ. ಲಗ್ನ ಆದ್ರ ಇವನ್ನ."

"ಯಾರು? ಆ ಕೇರಿ ಹಣಮಪ್ಪನ ಮಗ ಏನು?"

"ಹೌದು."

ಅಪ್ಪ ಫೋನ್ ಇಟ್ಟರು. ಸಿದ್ಧಾರ್ಥ ಗ್ಲೌಸ್ ಕಳಚಿ ಅವಳ ಕೈ ಹಿಡಿದ. ಈಗ ಜರಿಯಲು ಪೂರ್ವಾಳಿಗೆ ಜಗತ್ತಿನಲ್ಲಿ ಒಬ್ಬರೂ ನೆನಪಾಗಲಿಲ್ಲ.